ಕಾವಲಿಗಿದ್ದವನನ್ನೇ ಎಬ್ಬಿಸಿ ಕಳಿಸಿದ ಮೇಲೆ

ವೀಕೆಂಡಿಗೆ ಕಾವೇರಿ ದಡದ ರೆಸಾರ್ಟಿಗೆ ಹೋಗಿ ಜಿಪ್‌ಲೈನಲ್ಲಿ ನೇತಾಡಿ ಬಂದಿದ್ದೀರಾ? ನಿಮ್ಮ ಸೊಂಟಕ್ಕೆ ಬೆಲ್ಟ್ ಬಿಗಿದು "ಹೆದರ್ಕೋಬೇಡಿ ಸಾ" ಅಂದವನು ನನ್ನ ಚಿಕ್ಕಪ್ಪ ಇರಬಹುದು. ಒಂದು ಕಾಲಕ್ಕೆ ಅವನು ಮೀನು ಹಿಡಿಯೋಕೆ ಬಂದವರಿಗೆ ಗೈಡ್ ಆಗಿದ್ದ.

ಅವನ ಸೀಸನ್ ಸಂಕ್ರಾಂತಿಯಿಂದ ಯುಗಾದಿವರೆಗೆ. ಮಳೆಗಾಲದ ಕೆಂಪು ನೀರು ಇಳಿದು ಹೊಳೆ ತಿಳಿಯಾಗುತ್ತಿದ್ದಂತೆ ದೊಡ್ಡಮಕ್ಕಳಿ, ಭೀಮೇಶ್ವರಿ, ಗಾಳಿಬೋರೆ ಕ್ಯಾಂಪುಗಳಿಗೆ ಬೆಂಗಳೂರಿನವರು, ಇಂಗ್ಲೆಂಡಿನವರು ಎಲ್ಲ ಬರೋರು, ಮಹಶೀರ್‌ಗಾಗಿ. ನಮ್ಮೂರಲ್ಲಿ ಅದು ಬಿಳಿ ಮೀನು. ಚಿಕ್ಕಪ್ಪ ಬೆಳಗಿನ ಜಾವವೇ ಎದ್ದು ರಾಗಿ ಹಿಟ್ಟು ಕಲಸಿ, ಉಂಡೆ ಕಟ್ಟಿ ಬೇಯಿಸೋನು. "ನಮಗಿಂತ ಮೊದಲು ಮೀನಿಗೆ ಮುದ್ದೆ" ಅಂತ ಚಿಕ್ಕಮ್ಮ ಬೈಯೋಳು. ಯಾವ ಬಂಡೆಯ ಹಿಂದಿನ ಸುಳಿಯಲ್ಲಿ ಮೀನು ನಿಂತಿರುತ್ತೆ, ದಡದ ಕಲ್ಲು ಎಷ್ಟು ಒದ್ದೆಯಾದರೆ ಮೇಲಿಂದ ನೀರು ಬಿಟ್ಟಿದ್ದಾರೆ ಅಂತ ಅರ್ಥ, ಎಲ್ಲ ಅವನಿಗೆ ಗೊತ್ತಿತ್ತು. ಸಿಕ್ಕ ಮೀನನ್ನು ತೂಗಿ, ಪುಸ್ತಕದಲ್ಲಿ ಬರೆದು, ವಾಪಸ್ ಹೊಳೆಗೆ ಬಿಡಬೇಕು. ಒಂದನ್ನೂ ಸಾರಿಗೆ ಹಾಕುವಂತಿರಲಿಲ್ಲ.

ಇದೇ ಚಿಕ್ಕಪ್ಪ ಹುಡುಗನಾಗಿದ್ದಾಗ ಅದೇ ಮಡುವಿಗೆ ಮದ್ದು ಎಸೆದವನು. ಬದಲಾದದ್ದು ಭಾಷಣ ಕೇಳಿ ಅಲ್ಲ, ಸಂಬಳದಿಂದ. "ಸತ್ತ ಮೀನು ಒಂದ್ಸಲ ದುಡ್ಡು ಕೊಡ್ತದೆ, ಬದುಕಿರೋದು ವರ್ಷಾ ಕೊಡ್ತದೆ ಕಣ್ಲಾ ಮಗ" ಅನ್ನೋನು. ರಾತ್ರಿ ಯಾರಾದರೂ ಬಲೆ ಬಿಟ್ಟರೆ ಹರಿಗೋಲು ತಗೊಂಡು ಹೋಗಿ ಜಗಳ ಆಡೋನು.

ಆಮೇಲೆ ಕಾನೂನು ಬಂತು. ಸರಿಯಾಗಿ ಹೇಳಬೇಕಂದ್ರೆ, ಮೊದಲಿನಿಂದ ಇದ್ದ ಕಾನೂನು ಎಚ್ಚರಾಯಿತು. ಈ ದಡಗಳು 1987ರಲ್ಲಿ ಘೋಷಣೆಯಾದ ಕಾವೇರಿ ವನ್ಯಜೀವಿಧಾಮದೊಳಗಿವೆ. 1972ರ ವನ್ಯಜೀವಿ ಕಾಯ್ದೆಯ ಲೆಕ್ಕದಲ್ಲಿ ಹಿಡಿದು ಬಿಡೋದೂ ಬೇಟೆಯೇ. 2012ರ ಹೊತ್ತಿಗೆ ಕ್ಯಾಂಪುಗಳಲ್ಲಿ ಗಾಳ ನಿಂತಿತು. ಗಾಳದ ಜೊತೆಗೆ ಕಾವಲೂ ಹೋಯಿತು. ಗಾಳ ಹಾಕುವವನು ಹೆದರಿ ಬಿಟ್ಟ, ಮದ್ದು ಹಾಕುವವನಿಗೆ ಯಾವ ಕಾಯ್ದೆಯ ಹೆದರಿಕೆಯೂ ಮೊದಲಿನಿಂದ ಇರಲಿಲ್ಲ.

ಇದನ್ನ ಆಫೀಸಿನಲ್ಲಿ ಹೇಳಿದರೆ ಮೂರು ಉತ್ತರ ಬರುತ್ತವೆ.

ಒಂದು, "ಅದು ಬಿಳಿಯರ ಶೋಕಿ." ಅಲ್ಲ ಸ್ವಾಮಿ. ಕಲ್ಯಾಣದ ಚಾಲುಕ್ಯರ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲೇ 'ಮಾನಸೋಲ್ಲಾಸ'ದಲ್ಲಿ ಗಾಳದ ಆಟದ ಬಗ್ಗೆ, ಮೀನುಗಳ ಬಗ್ಗೆ ವಿವರವಾಗಿ ಬರೆಸಿದ್ದಾನೆ.

ಎರಡು, "ಮೀನಿಗೆ ನೋವಾಗಲ್ವಾ?" ಆಗುತ್ತೆ, ಒಪ್ಪಿದೆ. ಮದ್ದು ಸಿಡಿದರೆ ಮರಿಮೀನೂ ಉಳಿಯಲ್ಲ ಅನ್ನೋದನ್ನೂ ನೀವು ಒಪ್ಪಬೇಕು.

ಮೂರನೆಯದು ಗಟ್ಟಿ ಪ್ರಶ್ನೆ: "ಕ್ಯಾಂಪುಗಳಿದ್ದಾಗಲೇ ಮೀನು ಕಮ್ಮಿ ಆಗಿತ್ತಲ್ಲ?" ನಿಜ. ಕಿತ್ತಳೆ ಈಜುರೆಕ್ಕೆಯ, ಗೂನು ಬೆನ್ನಿನ ನಮ್ಮ ಕಾವೇರಿ ಮೀನು ಕಣ್ಣೆದುರೇ ಕಮ್ಮಿಯಾಯಿತು. ಹ್ಯಾಚರಿಯಲ್ಲಿ ಬೆಳೆಸಿ ತಂದು ಬಿಟ್ಟ ನೀಲಿ ಈಜುರೆಕ್ಕೆಯ ಮಹಶೀರ್ ಹೆಚ್ಚಾಯಿತು. ಆದರೆ ಇದು ಗೊತ್ತಾದದ್ದು ಹೇಗೆ? ಗಾಳಿಬೋರೆ ಕ್ಯಾಂಪಿನಲ್ಲಿ 1998ರಿಂದ 2012ರವರೆಗೆ ಬರೆದಿಟ್ಟ ಲೆಕ್ಕದಿಂದ! ವಿಜ್ಞಾನಿಗಳು ಕೂತು ನೋಡಿದ್ದು ಅದನ್ನೇ. ಆ ಗೂನು ಬೆನ್ನಿನ ಮೀನು ಟಾರ್ ರೆಮಾದೇವಿ ಅಂತ ಖಚಿತವಾದದ್ದು 2018ರಲ್ಲಿ. ಅದೇ ವರ್ಷ ಅದು ಐಯುಸಿಎನ್ ಪಟ್ಟಿಯಲ್ಲಿ ಅಳಿವಿನ ತೀರಾ ಅಂಚಿಗೆ ಬಂದ ಜೀವಿಗಳ ಸಾಲಿಗೆ ಸೇರಿತು. ಅಷ್ಟರಲ್ಲಿ ಲೆಕ್ಕ ಬರೆಯೋದು ನಿಂತು ಆರು ವರ್ಷ ಆಗಿತ್ತು.

ನಾವು ಪ್ರೊಡಕ್ಷನ್ ಸರ್ವರ್‌ನ ಮಾನಿಟರಿಂಗ್ ಆಫ್ ಮಾಡಿ, "ನೋಡಿ, ಒಂದೂ ಅಲರ್ಟ್ ಬರ್ತಿಲ್ಲ" ಅಂತ ಮ್ಯಾನೇಜರ್‌ಗೆ ಹೇಳ್ತೀವಾ? ಹೇಳಿದರೆ ಕೆಲಸ ಉಳಿಯುತ್ತಾ? ಹೊಳೆಗೆ ನಾವು ಮಾಡಿರೋದು ಅದನ್ನೇ.

ಎಲ್ಲರಿಗೂ ಗಾಳ ಕೊಡಿ ಅಂತ ನಾನು ಕೇಳ್ತಿಲ್ಲ. ನಾಲ್ಕಾರು ಮಡು ಗುರುತಿಸಿ. ಎಣಿಸಿದಷ್ಟೇ ಗಾಳ, ಅದೂ ಮುಳ್ಳಿಲ್ಲದ ಗಾಳ. ಸಂಕ್ರಾಂತಿಯಿಂದ ಯುಗಾದಿವರೆಗೆ ಮಾತ್ರ. ವಿಜ್ಞಾನಿಗಳ ಉಸ್ತುವಾರಿ ಇರಲಿ, ಪ್ರತಿ ಮೀನಿನ ಲೆಕ್ಕ ಜನರ ಮುಂದೆ ಇರಲಿ. ದಡ ಕಾಯುವವನಿಗೆ ವರ್ಷಪೂರ್ತಿ ಸಂಬಳ ಬರಲಿ. ಇದಕ್ಕೆ ಕಾಯ್ದೆ ಅಡ್ಡ ಬಂದರೆ ಕಾಯ್ದೆಗೊಂದು ತಿದ್ದುಪಡಿ ತನ್ನಿ. ಕಾಯ್ದೆ ಇರೋದು ಮೀನಿಗೋಸ್ಕರ ತಾನೆ?

"ನಮಗೇನು ಸಂಬಂಧ" ಅನ್ನಬೇಡಿ. ನಿಮ್ಮ ನಲ್ಲಿಗೆ ತೊರೆಕಾಡನಹಳ್ಳಿಯಿಂದ ಪಂಪ್ ಆಗಿ ಬರೋದು ಅದೇ ಹೊಳೆಯ ನೀರು. ನಿಮ್ಮ ಬಚ್ಚಲಿಂದ ಹೊರಟದ್ದು ವೃಷಭಾವತಿ, ಅರ್ಕಾವತಿ ಹಾದು, ಆ ಕ್ಯಾಂಪುಗಳ ಕೆಳಗಿನ ಸಂಗಮದಲ್ಲಿ ಅದೇ ಹೊಳೆಗೆ ಬೀಳುತ್ತದೆ.

ಹೋದ ಸಂಕ್ರಾಂತಿಗೆ ಊರಿಗೆ ಹೋಗಿದ್ದಾಗ ಕೇಳಿದೆ: "ಚಿಕ್ಕಪ್ಪ, ಬಿಳಿ ಮೀನು ಇನ್ನೂ ಇದಾವಾ?"

"ನೋಡಿದ್ರೆ ತಾನೆ ಮಗ ಹೇಳೋದು. ಹಗಲೆಲ್ಲ ಬೆಲ್ಟ್ ಬಿಗೀತಾ ಇರ್ತೀನಿ. ರಾತ್ರಿ ಒಂದೊಂದು ದಿನ ಮಡು ಕಡೆಯಿಂದ ಢಂ ಅಂತದೆ. ಅಷ್ಟೇ ಗೊತ್ತು ನಂಗೆ."