ಹಳ್ಳಿ ಅಂದ್ರೆ ಸಿನಿಮಾ ಸೆಟ್ ಅಲ್ಲ

ಎಕ್ಸಾಂ ಮುಗಿದ ಕೂಡಲೇ ವಾಟ್ಸಾಪ್ ಗ್ರೂಪ್‌ಗಳಲ್ಲಿ ಟ್ರಿಪ್ ಪ್ಲ್ಯಾನ್ ಶುರುವಾಗುತ್ತೆ. ಅದರಲ್ಲಿ 'ವಿಲೇಜ್ ಎಕ್ಸ್‌ಪೀರಿಯೆನ್ಸ್' ಅನ್ನೋದು ಈಗ ಒಂದು ಟ್ರೆಂಡ್. ಇದಕ್ಕಂತಲೇ ರೆಸಾರ್ಟ್‌ಗಳಿವೆ. ಎತ್ತಿನ ಗಾಡಿಯಲ್ಲಿ ಒಂದು ರೌಂಡ್, ಲಗೋರಿ, ಬುಗುರಿ, ಬಾಳೆ ಎಲೆ ಊಟ, ಕೊನೆಗೆ ರೈನ್ ಡ್ಯಾನ್ಸ್. ಮಜಾ ಇರುತ್ತೆ, ಇಲ್ಲ ಅನ್ನಲ್ಲ. ಆದರೆ ಅದನ್ನ ಹಳ್ಳಿ ಬದುಕು ಅಂತ ಕರೆಯೋದು ಸರಿಯಲ್ಲ ಅನ್ನೋದು ನಮ್ಮ ಅಭಿಪ್ರಾಯ. ಅಲ್ಲಿ ಗಾಡಿ ಹೊಡೆಯೋರು ಶಿಫ್ಟ್ ಮುಗಿಸಿ ತಮ್ಮ ಊರಿಗೆ ಹೋಗ್ತಾರಲ್ಲ, ಹಳ್ಳಿ ಇರೋದು ಅಲ್ಲಿ.

ನಿಜವಾದ ಊರು ನೋಡಬೇಕಂದ್ರೆ ಆನೆಗುಂದಿಗೆ ಹೋಗಬಹುದು. ಹಂಪಿಯಿಂದ ತುಂಗಭದ್ರೆಯ ಆಚೆ ದಡ, ಕೊಪ್ಪಳ ಜಿಲ್ಲೆ. ಸುತ್ತ ಭತ್ತದ ಗದ್ದೆ, ಬಾಳೆ ತೋಟ. ಈ ಭಾಗದಲ್ಲಿ ವಿಜಯನಗರ ಕಾಲದ ಕಾಲುವೆಗಳಲ್ಲಿ ಇವತ್ತಿಗೂ ನೀರು ಹರಿಯುತ್ತೆ. ಬಾಳೆ ಗಿಡ ಗೊನೆ ಬಿಡೋದು ಒಂದೇ ಸಲ, ಆಮೇಲೆ ಕಡಿಯಬೇಕು. ಹಾಗೆ ಕಡಿದ ಗಿಡದಿಂದ ನಾರು ತೆಗೆದು ಇಲ್ಲಿನ ಹೆಂಗಸರು ಬ್ಯಾಗು, ಬುಟ್ಟಿ ಮಾಡ್ತಾರೆ. ಊರೊಳಗಿನ ಮನೆಗಳಲ್ಲೇ ಉಳಿಯೋಕೆ ಹೋಮ್‌ಸ್ಟೇ ಇದೆ. ನಾಟಿ ಟೈಮಲ್ಲಿ ಹೋದ್ರೆ ನಮ್ಮ ಜೊತೆ ಮಾತಾಡೋಕೆ ಯಾರೂ ಫ್ರೀ ಇರಲ್ಲ. ಅದೂ ಹಳ್ಳಿ ಬದುಕೇ.

ಇನ್ನೊಂದು ವಿಷಯ. ಊರಿಗೆ ಹೋಗಿ 'ಒರಿಜಿನಲ್ ಫೀಲ್ ಇಲ್ಲ ಮಗಾ' ಅನ್ನೋರಿದ್ದಾರೆ. ಡಿಶ್ ಆಂಟೆನಾ, ಆರ್‌ಸಿಸಿ ಮನೆ ಫೋಟೋದಲ್ಲಿ ಬರಬಾರದಂತೆ! ಮಣ್ಣಿನ ಮನೆ ತಂಪು ಅನ್ನೋದು ನಿಜ. ದಪ್ಪ ಗೋಡೆ ಬಿಸಿಲನ್ನ ನಿಧಾನವಾಗಿ ಒಳಗೆ ಬಿಡುತ್ತೆ, ಸಿವಿಲ್ ಬ್ರಾಂಚಿನವರನ್ನ ಕೇಳಿ. ಆದರೆ ಮಣ್ಣಿನ ಮಾಳಿಗೆಯನ್ನ ಮಳೆಗಾಲಕ್ಕೆ ಮುಂಚೆ ಗಟ್ಟಿ ಮಾಡಬೇಕು, ಇಲ್ಲಾಂದ್ರೆ ಸೋರುತ್ತೆ. ನೆಲ, ಗೋಡೆ ಆಗಾಗ ಸಾರಿಸಬೇಕು, ಆ ಕೆಲಸ ಹೆಚ್ಚಾಗಿ ಹೆಂಗಸರ ತಲೆ ಮೇಲೆ. ನಮ್ಮ ಎರಡು ದಿನದ ಖುಷಿಗೆ ಅವರು ವರ್ಷವಿಡೀ ಸೋರೋ ಮನೇಲಿ ಇರಬೇಕಾ? ಊರು ಬದಲಾಗೋದು ಅಲ್ಲಿರೋರ ಹಕ್ಕು.

ನಮ್ಮ ಹಾಸ್ಟೆಲ್‌ನಲ್ಲೇ ಇಂಥ ಊರುಗಳಿಂದ ಬಂದವರು ಎಷ್ಟೋ ಜನ ಇದ್ದಾರೆ. ಅವರಿಗೆ ಗದ್ದೆ ಕೆಸರು ಆಕ್ಟಿವಿಟಿ ಅಲ್ಲ, ರಜೆಗೆ ಹೋದಾಗ ಅಪ್ಪನ ಜೊತೆ ಮಾಡೋ ಕೆಲಸ. ಟ್ರಿಪ್‌ಗೆ ಮುಂಚೆ ಅವರ ಜೊತೆ ಒಂದು ಟೀ ಕುಡಿದು ಮಾತಾಡಿದ್ರೆ ಯಾವ ರೀಲ್ಸ್‌ನಲ್ಲೂ ಸಿಗದ ವಿಷಯ ಸಿಗುತ್ತೆ.

ಹಾಗಂತ ಹೋಗಬೇಡಿ ಅಂತಲ್ಲ. ಖಂಡಿತ ಹೋಗಿ. ಊರಿನವರ ಮನೆಯಲ್ಲೇ ಉಳೀರಿ, ದುಡ್ಡು ಅವರ ಕೈಗೇ ಸೇರಲಿ. ಬುಟ್ಟಿ ಕೊಳ್ಳುವಾಗ ಚೌಕಾಸಿ ಬೇಡ. ಫೋಟೋ ತೆಗೆಯೋಕೆ ಮುಂಚೆ ಕೇಳಿ. ಕಾಲುವೆಗೆ ನೀರು ಯಾವಾಗ ಬಿಡ್ತಾರೆ, ನಾಟಿಗೆ ಕೂಲಿ ಎಷ್ಟು, ಈ ಸಲ ಭತ್ತಕ್ಕೆ ರೇಟ್ ಸಿಕ್ತಾ ಅಂತ ವಿಚಾರಿಸಿ. ಇದನ್ನೆಲ್ಲ ಕೇಳೋಕೆ ಟೈಮ್ ಇಲ್ಲ ಅಂದ್ರೆ ರೆಸಾರ್ಟ್ ಹೆಂಗಿದ್ರೂ ಹತ್ತಿರದಲ್ಲೇ ಇದೆ.