ಕನ್ನಡಿಗರು ಜಗ್ಗಲಿಲ್ಲ, ಶಾಮಿಯಾನ ಜಗ್ಗಿತ್ತು

ಕಳೆದ ರಾಜ್ಯೋತ್ಸವದ ವರದಿಯಲ್ಲಿ "ಮಳೆರಾಯನೂ ಆಶೀರ್ವದಿಸಿದ, ಆದರೂ ಕನ್ನಡಿಗರು ಜಗ್ಗಲಿಲ್ಲ" ಎಂಬ ವಾಕ್ಯವನ್ನೋದಿ ನಾವು ಕೆಲವು ಕುಟುಂಬದವರು ಮುಖ ಮುಖ ನೋಡಿಕೊಂಡೆವು. ಅಂದು ಮೈದಾನದಲ್ಲಿದ್ದವರು ನಾವು. ಕನ್ನಡಿಗರು ಜಗ್ಗದಿರಬಹುದು, ಶಾಮಿಯಾನ ಮಾತ್ರ ಚೆನ್ನಾಗಿಯೇ ಜಗ್ಗಿತ್ತು. ನಮ್ಮ ಹುಡುಗರು ಬಿದಿರು ಗಳುವಿನಿಂದ ಬಟ್ಟೆಯನ್ನೆತ್ತಿ ನೀರು ಹೊರಚೆಲ್ಲುತ್ತಿದ್ದರು. ಕೋಲಾಟಕ್ಕೆ ಸಿದ್ಧರಾಗಿ ನಿಂತ ಮಕ್ಕಳ ಕಾಲ ಬಳಿ ವೈರುಗಳು ಕೆಸರು ನೀರಿನಲ್ಲಿ ಮುಳುಗಿದ್ದವು. ಮೈಕಿನ ಕಂಬ ಮುಟ್ಟಿದ ಒಬ್ಬ ಹುಡುಗಿಗೆ ಕೈ ಜುಮ್ಮೆಂದಿತು, ಅಳುತ್ತಾ ಕೆಳಗಿಳಿದಳು. ನಿರೂಪಕರು ಕಂಬಕ್ಕೆ ಟವೆಲು ಸುತ್ತಿ ಕಾರ್ಯಕ್ರಮ ಮುಂದುವರಿಸಿದರು. ನಾವೂ ಚಪ್ಪಾಳೆ ತಟ್ಟಿದೆವು. ಆ ಚಪ್ಪಾಳೆಯ ಪಶ್ಚಾತ್ತಾಪವೇ ಈ ಲೇಖನ.

"ಅನಿರೀಕ್ಷಿತ ಮಳೆ" ಎಂದೂ ವರದಿ ಹೇಳುತ್ತದೆ. ಚೆನ್ನೈಗೆ ಬಂದು ಇಷ್ಟು ವರ್ಷವಾದರೂ ನಾವು ಇನ್ನೂ ಊರಿನ ಮಳೆಗಾಲವನ್ನೇ ಲೆಕ್ಕ ಹಾಕುತ್ತಿದ್ದೇವೆ. ನಮ್ಮೂರುಗಳಲ್ಲಿ ದಸರಾ ಕಳೆದರೆ ಮಳೆಯ ಆರ್ಭಟ ಮುಗಿದಂತೆ. ಇಲ್ಲಿ ಹಿಂಗಾರು ಕಾಲಿಡುವುದೇ ಸಾಮಾನ್ಯವಾಗಿ ಅಕ್ಟೋಬರ್ ೨೦ರ ಸುಮಾರಿಗೆ. ಈ ಊರಿನ ವರ್ಷದ ಮಳೆಯಲ್ಲಿ ಅರ್ಧಕ್ಕಿಂತ ಹೆಚ್ಚು ಸುರಿಯುವುದು ಅಕ್ಟೋಬರಿನಿಂದ ಡಿಸೆಂಬರಿನೊಳಗೆ. ೨೦೧೨ರಲ್ಲಿ ನೀಲಂ ಚಂಡಮಾರುತ ಮಹಾಬಲಿಪುರದ ಬಳಿ ದಡ ಸೇರಿದ್ದು ಅಕ್ಟೋಬರ್ ೩೧ರಂದು, ರಾಜ್ಯೋತ್ಸವದ ಹಿಂದಿನ ದಿನ! ೨೦೧೫ರ ಡಿಸೆಂಬರಿನ ಮಹಾಪೂರವನ್ನಂತೂ ನೆನಪಿಸಬೇಕಾಗಿಲ್ಲ. ಇಲ್ಲಿ ನವೆಂಬರಿನ ಮಳೆಯನ್ನು ಅನಿರೀಕ್ಷಿತ ಎನ್ನುವುದು, ಮಂಗಳೂರಿನಲ್ಲಿ ಜೂನ್ ಮಳೆಯನ್ನು ಕಂಡು ಬೆರಗಾದಂತೆ.

"೧೯೫೬ರ ನವೆಂಬರ್ ೧ರಂದು ನಾಡು ಒಂದಾಯಿತು, ೧೯೭೩ರ ಅದೇ ದಿನ ಕರ್ನಾಟಕವೆಂಬ ಹೆಸರು ಬಂತು. ದಿನ ಬದಲಿಸಲು ನೀವು ಯಾರು?" ಎಂದು ಕೇಳುವ ಹಿರಿಯರಿದ್ದಾರೆ. ದಿನ ಬದಲಿಸಿರೆಂದು ಯಾರು ಹೇಳಿದರು? ಅಂದು ಬೆಳಿಗ್ಗೆ ಧ್ವಜ ಹಾರಿಸೋಣ, ನಾಡಗೀತೆ ಹಾಡೋಣ, ಸಿಹಿ ಹಂಚೋಣ. ಮೈದಾನದ ಉತ್ಸವವನ್ನು ಸಂಕ್ರಾಂತಿಯ ನಂತರ, ಆಕಾಶ ತಿಳಿಯಾದ ಮೇಲೆ ಇಟ್ಟುಕೊಳ್ಳೋಣ. ಬೆಂಗಳೂರಿನ ಬಡಾವಣೆಗಳಲ್ಲೇ ರಾಜ್ಯೋತ್ಸವ ತಿಂಗಳುದ್ದಕ್ಕೂ ನಡೆಯುತ್ತದೆ. ತಾಯಿ ಭುವನೇಶ್ವರಿ ಅವರ ಮೇಲೆ ಮುನಿದದ್ದನ್ನು ನಾವು ಕೇಳಿಲ್ಲ.

ನಿಜವಾದ ಅಡ್ಡಿ ದಿನಾಂಕವಲ್ಲ. ಮುಂಗಡ ಕೊಟ್ಟಾಗಿದೆ, ಕಲಾವಿದರು ರೈಲು ಹತ್ತಿದ್ದಾರೆ, ಸ್ಮರಣ ಸಂಚಿಕೆಗೆ ಜಾಹೀರಾತು ಬಂದಿದೆ. ಆದ್ದರಿಂದ "ನಿಲ್ಲಿಸಿ" ಎಂಬ ಒಂದು ಮಾತನ್ನಾಡುವ ಧೈರ್ಯ ಯಾರಿಗೂ ಇಲ್ಲ. ಅಂದು ಕಾರ್ಯದರ್ಶಿಗಳು ಅಧ್ಯಕ್ಷರ ಮುಖ ನೋಡಿದರು, ಅಧ್ಯಕ್ಷರು ಮುಖ್ಯ ಅತಿಥಿಗಳ ಮುಖ ನೋಡಿದರು, ಅತಿಥಿಗಳು ಗಡಿಯಾರ ನೋಡಿದರು. ಕಡತ ಎಲ್ಲರ ಮೇಜಿಗೂ ಹೋಗಿ ಯಾರ ಸಹಿಯೂ ಇಲ್ಲದೆ ಮರಳಿದರೆ ಏನಾಗುತ್ತದೆಂಬುದು ಸರ್ಕಾರಿ ಗುಮಾಸ್ತರಾದ ನಮಗೆ ಚೆನ್ನಾಗಿ ಗೊತ್ತು.

ಸ್ವಲ್ಪ ಲೆಕ್ಕ ಮಾಡೋಣ. ೩೦ ಅಡಿ ಅಗಲ, ೬೦ ಅಡಿ ಉದ್ದದ ಶಾಮಿಯಾನದ ಮೇಲೆ ೨ ಸೆಂಟಿಮೀಟರ್ ಮಳೆ ಬಿದ್ದರೆ ಆ ನೀರಿನ ತೂಕ ಮೂರು ಟನ್ನಿಗೂ ಮೇಲು. ಅದರಲ್ಲಿ ಕಾಲು ಭಾಗ ಬಟ್ಟೆಯ ಹಳ್ಳದಲ್ಲಿ ನಿಂತರೂ ಎಂಟುನೂರು ಕಿಲೋ ನಮ್ಮ ಮಕ್ಕಳ ತಲೆಯ ಮೇಲೆ ತೂಗುತ್ತದೆ. ಇದನ್ನು ಆಶೀರ್ವಾದವೆನ್ನಬೇಕೆ?

ನಮ್ಮ ಬೇಡಿಕೆ ದೊಡ್ಡದಲ್ಲ. ಮಳೆಗಾಲದಲ್ಲಿ ಬಯಲಿನ ಕಾರ್ಯಕ್ರಮ ಅನಿವಾರ್ಯವಾದರೆ, ವೇದಿಕೆಯಲ್ಲಿ ಕೂರದ, ಹಾರ ಹಾಕಿಸಿಕೊಳ್ಳದ ಒಬ್ಬ ಸದಸ್ಯರಿಗೆ ನಿಲ್ಲಿಸುವ ಅಧಿಕಾರವನ್ನು ಸಮಿತಿ ಮೊದಲೇ ಬರೆದುಕೊಡಲಿ. ಅವರ ಮಾತೇ ಕೊನೆಯ ಮಾತು. ಹವಾಮಾನ ಇಲಾಖೆ ಕಿತ್ತಳೆ ಅಥವಾ ಕೆಂಪು ಎಚ್ಚರಿಕೆ ಕೊಟ್ಟ ದಿನ ಮೈದಾನದ ಮಾತೇ ಬೇಡ. ಗುಡುಗು ಕಿವಿಗೆ ಬಿತ್ತೆಂದರೆ ಸಿಡಿಲು ಬಡಿಯುವಷ್ಟು ಹತ್ತಿರದಲ್ಲಿದೆ ಎಂದೇ ಅರ್ಥ. ಕೂಡಲೇ ಎಲ್ಲರೂ ಪಕ್ಕಾ ಕಟ್ಟಡದೊಳಗೆ ಹೋಗಬೇಕು, ಕೊನೆಯ ಗುಡುಗಾಗಿ ಅರ್ಧ ಗಂಟೆ ಕಳೆಯುವವರೆಗೆ ಹೊರಬರಬಾರದು. ವೈರುಗಳು ನೆಲದಿಂದ ಮೇಲಿರಲಿ. ಸೋರುವ ವಿದ್ಯುತ್ತನ್ನು ತಾನೇ ಕಡಿದುಹಾಕುವ ಸ್ವಿಚ್ಚು ಇಲ್ಲದ ಮೈಕ್‌ಸೆಟ್ಟಿಗೆ ನಮ್ಮ ಹಣ ಬೇಡ. ಶಾಮಿಯಾನದವರಿಗೆ ಮುಂಗಡ ಕೊಡುವಾಗಲೇ ಬದಲಿ ದಿನವನ್ನು ಚೀಟಿಯಲ್ಲಿ ಬರೆಸಿಕೊಂಡರೆ, ಹಣ ಮುಳುಗಿತೆಂಬ ನೆಪವೂ ಉಳಿಯುವುದಿಲ್ಲ.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬ ಗಾದೆ ನಮ್ಮದೇ. ಆ ಹುಡುಗಿಗೆ ಕೈ ಜುಮ್ಮೆಂದಷ್ಟಕ್ಕೇ ಮುಗಿದದ್ದು ನಮ್ಮ ಪುಣ್ಯ, ನಮ್ಮ ಸಾಹಸವಲ್ಲ. ಬಂಧುಗಳೇ, ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಈ ಮಾತನ್ನೆತ್ತುತ್ತೇವೆ, ತಾವೂ ಬನ್ನಿ. "ಮಳೆಯ ಮುನ್ಸೂಚನೆಯಿದ್ದುದರಿಂದ ಕಾರ್ಯಕ್ರಮವನ್ನು ಮುಂದೂಡಲಾಯಿತು" ಎಂಬ ಒಂದು ಸಾಲು ಈ ಪತ್ರಿಕೆಯಲ್ಲಿ ಅಚ್ಚಾದ ದಿನ ನಾವು ನಿಜವಾಗಿಯೂ ಚಪ್ಪಾಳೆ ತಟ್ಟುತ್ತೇವೆ.