ಅತ್ತಿಬೆಲೆಯ ಗಡಿಯೂ ಸಾಂಕ್ರಾಮಿಕವೂ

ಬೆಂಗಳೂರಿನಿಂದ ಹೊಸೂರಿಗೆ ಸಾಗುವ ಹೆದ್ದಾರಿಯಲ್ಲಿ ಕರ್ನಾಟಕದ ಕಡೆಯ ಊರು ಅತ್ತಿಬೆಲೆ. ಹೊಸೂರಿನಲ್ಲಿ ವಾಸ, ಬೊಮ್ಮಸಂದ್ರದಲ್ಲಿ ದುಡಿಮೆ. ಅಥವಾ ಅತ್ತಿಬೆಲೆಯಲ್ಲಿ ಬಾಡಿಗೆ ಕೋಣೆ, ಹೊಸೂರಿನ ಕಾರ್ಖಾನೆಯಲ್ಲಿ ಪಾಳಿ. ದುಡಿಯುವವರ ಪಾಲಿಗೆ ಇದೆಲ್ಲವೂ ಒಂದೇ ಊರು. 2020ರ ಮಾರ್ಚ್ 25ರಂದು ದೇಶಕ್ಕೆ ಬೀಗ ಬಿದ್ದಾಗ ಗಡಿಯ ತನಿಖಾ ಠಾಣೆ ಆ ಊರನ್ನು ಎರಡಾಗಿ ಸೀಳಿತು.

‘ಮನೆಯಲ್ಲೇ ಇರಿ, ಅಂತರ ಕಾಯ್ದುಕೊಳ್ಳಿ’ ಎಂಬ ಉಪದೇಶ ಮನೆಯುಳ್ಳವರಿಗೆ ಸಲ್ಲುವಂಥದು. ಒಬ್ಬನು ರಾತ್ರಿ ಪಾಳಿಗೆ ಎದ್ದ ಚಾಪೆಯಲ್ಲಿ ಇನ್ನೊಬ್ಬನು ಮಲಗುವ ಕೋಣೆಗೆ ಅದು ಅನ್ವಯಿಸದು. ಅಂತಹವರು ಊರಿಗೆ ಹೊರಟಾಗ, 2020ರ ಮೇ ಮೊದಲ ವಾರದಲ್ಲಿ, ರಾಜ್ಯ ಸರ್ಕಾರ ಶ್ರಮಿಕ ರೈಲುಗಳನ್ನೇ ರದ್ದುಪಡಿಸಿ, ಟೀಕೆ ಎದ್ದ ಬಳಿಕ ಮತ್ತೆ ಓಡಿಸಿತು. ಕಟ್ಟಡಗಳಿಗೆ ಕೈಗಳು ಬೇಕಾಗಿದ್ದವು. ಆ ಕೈಗಳ ಒಡೆಯರು ಎಲ್ಲಿ ಮಲಗುತ್ತಾರೆಂಬುದು ಬೇಕಿರಲಿಲ್ಲ.

ಆಡಳಿತದ ನಕ್ಷೆಯಂತೂ ಇನ್ನಷ್ಟು ಛಿದ್ರ. ಅತ್ತಿಬೆಲೆಗೆ ಪುರಸಭೆ, ಎಲೆಕ್ಟ್ರಾನಿಕ್ ಸಿಟಿಗೆ ಪ್ರತ್ಯೇಕ ಕೈಗಾರಿಕಾ ನಗರ ಪ್ರಾಧಿಕಾರ, ಹಳ್ಳಿಗಳಿಗೆ ಪಂಚಾಯಿತಿ, ಆಚೆಗೆ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ, ಈಚೆಗೆ ಇನ್ನೊಂದು ರಾಜ್ಯ. ಪಾಲಿಕೆಯ ಚುನಾಯಿತ ಸದಸ್ಯರ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿಯಿತು; ಚುನಾವಣೆ ನಡೆಯಲಿಲ್ಲ. 2021ರ ಏಪ್ರಿಲ್, ಮೇ ತಿಂಗಳಲ್ಲಿ ಹಾಸಿಗೆಗಾಗಿ, ಆಮ್ಲಜನಕಕ್ಕಾಗಿ, ಕೊನೆಗೆ ಚಿತೆಗಾಗಿ ಜನ ಸರದಿ ನಿಂತಾಗ 198 ವಾರ್ಡುಗಳಲ್ಲಿ ಒಂದರಲ್ಲಿಯೂ ಉತ್ತರಿಸಬೇಕಾದ ಸದಸ್ಯರಿರಲಿಲ್ಲ. ಹಳ್ಳಿಗಳಿಗೆ ಮಾತ್ರ 2020ರ ಡಿಸೆಂಬರ್‌ನಲ್ಲಿ ಚುನಾವಣೆ ನಡೆದು ಹೊಸ ಪಂಚಾಯಿತಿಗಳು ಬಂದಿದ್ದವು. ಯಾರ ಮನೆಗೆ ಯಾರು ಬಂದಿಳಿದರೆಂಬುದು ಆಶಾ ಕಾರ್ಯಕರ್ತೆಗೂ ಪಂಚಾಯಿತಿ ಸದಸ್ಯರಿಗೂ ತಿಳಿದಿತ್ತು. ಆದರೆ ತಿಳಿದ ಮಾತ್ರಕ್ಕೆ ಉಸಿರು ಉಳಿಯದು: ಆಮ್ಲಜನಕಕ್ಕೆ ಮೈಸೂರನ್ನು ಕಾಯಬೇಕಾಗಿದ್ದ ಚಾಮರಾಜನಗರದಲ್ಲಿ ಮೇ 2ರ ಆಸುಪಾಸಿನ ಒಂದೇ ದಿನದಲ್ಲಿ 24 ಮಂದಿ ತೀರಿಕೊಂಡರು.

1898ರ ಪ್ಲೇಗಿನ ಕಾಲದಲ್ಲೂ ಬೆಂಗಳೂರು ಇಬ್ಭಾಗವಾಗಿತ್ತು. ಪೇಟೆ ಮೈಸೂರು ಸಂಸ್ಥಾನದ್ದು, ದಂಡು ಬ್ರಿಟಿಷರದ್ದು. ಆದರೂ ಆ ಪೆಟ್ಟಿನ ಬಳಿಕ ಬಸವನಗುಡಿ, ಮಲ್ಲೇಶ್ವರಗಳ ಅಗಲ ಬೀದಿಗಳು ರೂಪುಗೊಂಡವು. ಈ ಬಾರಿಯ ಪೆಟ್ಟಿಗೆ ಪಾಲಿಕೆ 2025ರಲ್ಲಿ ಐದು ಹೋಳಾದುದೇ ಉತ್ತರವೇ?

ಹೊಸೂರು ರಸ್ತೆಯ ಕಾರ್ಖಾನೆಗಳಲ್ಲಿ ಮಲೆನಾಡಿನ ಮಕ್ಕಳೂ ಇದ್ದಾರೆ. 1957ರಲ್ಲಿ ಕ್ಯಾಸನೂರಿನಲ್ಲಿ ಗುರುತಿಸಲ್ಪಟ್ಟು, 2019ರಲ್ಲಿ ಅರಳಗೋಡಿನಲ್ಲಿ ಜೀವಗಳನ್ನು ಕೊಂಡ ಮಂಗನ ಕಾಯಿಲೆಯನ್ನು ಬಲ್ಲ ಜನರಿಗೆ ಇಲಾಖೆಗಳ ನಡುವಿನ ಕಂದಕ ಹೊಸದಲ್ಲ; ಸತ್ತ ಮಂಗ ಅರಣ್ಯ ಇಲಾಖೆಯದು, ಜ್ವರ ಆರೋಗ್ಯ ಇಲಾಖೆಯದು. ಆನೇಕಲ್ ಮತ್ತು ಹೊಸೂರಿನ ಆರೋಗ್ಯಾಧಿಕಾರಿಗಳು ಒಂದೇ ಪಟ್ಟಿ ಇಟ್ಟುಕೊಂಡು, ಕಾರ್ಮಿಕರ ಕೋಣೆಗಳನ್ನೂ ಹತ್ತಿರದ ಹಾಸಿಗೆಗಳನ್ನೂ ಅದರಲ್ಲಿ ಬರೆಯಬೇಕು. ಅದನ್ನು ಮುಂದಿನ ಜ್ವರಕ್ಕೆ ಮುನ್ನವೇ ಗ್ರಾಮಸಭೆ, ಪುರಸಭೆಗಳ ಮುಂದಿಡಬೇಕು.